ಹಣೆಯ ಮೇಲಿನ ಇಸವಿಯನ್ನು ನಂಬಬೇಡಿ: ಕರಾವಳಿಯ ಹಳ್ಳಿ ಇಗರ್ಜಿಗಳನ್ನು ಓದುವ ಬಗೆ

(ಹಳ್ಳಿ ಇಗರ್ಜಿಗಳ ಇತಿಹಾಸ ಮತ್ತು ಕಟ್ಟಡ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ದಕ್ಷಿಣ ಕನ್ನಡ, ಉಡುಪಿ ಕಡೆಯ ಹಳ್ಳಿ ಇಗರ್ಜಿಗಳ (ಚರ್ಚುಗಳ) ಮುಂದೆ ನಿಂತು ಕತ್ತೆತ್ತಿದರೆ, ಶಿಲುಬೆಯ ಕೆಳಗೆ ಗಾರೆಯಲ್ಲಿ ಉಬ್ಬಿಸಿ ಬರೆದ ಒಂದು ಇಸವಿ ಸಾಮಾನ್ಯವಾಗಿ ಕಾಣುತ್ತದೆ. ಪ್ರತಿ ಸಾಂತ್‌ಮಾರಿಗೂ (ಇಗರ್ಜಿಯ ವಾರ್ಷಿಕ ಹಬ್ಬಕ್ಕೂ) ಹೊಸ ಬಣ್ಣ ಬಳಿಸಿಕೊಂಡು ಬಂದ ಅಂಕಿಗಳು ಅವು. ಊರವರನ್ನು ಕೇಳಿದರೆ 'ನಮ್ಮ ಇಗರ್ಜಿ ಕಟ್ಟಿದ್ದು ಆಗ' ಎನ್ನುತ್ತಾರೆ. ಆ ಇಸವಿ ಧರ್ಮಕೇಂದ್ರ ಸ್ಥಾಪನೆಯಾದ ವರ್ಷವಿರಬಹುದು, ಅಡಿಗಲ್ಲು ಹಾಕಿದ ವರ್ಷವಿರಬಹುದು, ಬರೀ ಮುಂಭಾಗವನ್ನು ಕೆಡವಿ ಹೊಸದಾಗಿ ಎಬ್ಬಿಸಿದ ವರ್ಷವಿರಬಹುದು. ಬಣ್ಣ ಬಳಿಯುವವನು ರೋಮನ್ ಅಂಕಿಯಲ್ಲಿ ಒಂದಕ್ಷರ ತಪ್ಪು ತಿದ್ದಿ ಹುಟ್ಟಿಸಿದ ವರ್ಷವೂ ಆಗಿರಬಹುದು. ಒಳಗಿರುವ ಕಟ್ಟಡ ಅದಕ್ಕಿಂತ ಹಳೆಯದಾಗಿರಬಹುದು, ಎಷ್ಟೋ ಕಡೆ ಹೊಸದು.

ಮಂಗಳೂರಿನ ರೊಸಾರಿಯೊವನ್ನೇ ನೋಡಿ. ಅಲ್ಲಿ ಇಗರ್ಜಿ ಹುಟ್ಟಿದ್ದು 1568ರಲ್ಲಿ, ಪೋರ್ಚುಗೀಸರ ಕಾಲಕ್ಕೆ. ಇವತ್ತು ಕಾಣುವ ಗುಮ್ಮಟದ ಕಟ್ಟಡ 20ನೇ ಶತಮಾನದ್ದು. ಸಂಸ್ಥೆಗೆ ಒಂದು ವಯಸ್ಸು, ಗೋಡೆಗೆ ಇನ್ನೊಂದು. ನಗರದ ದೊಡ್ಡ ಇಗರ್ಜಿಯಲ್ಲಿ ಈ ವ್ಯತ್ಯಾಸ ಎಲ್ಲರಿಗೂ ಗೊತ್ತಿರುತ್ತದೆ. ಹಳ್ಳಿಗೆ ಬಂದಾಗ ಎರಡೂ ಕಲಸಿಹೋಗುತ್ತವೆ.

ಕಲಸಿಹೋಗಲು ದೊಡ್ಡ ಕಾರಣ 1784. ಆ ವರ್ಷ ಫೆಬ್ರವರಿ ಕೊನೆಗೆ, ವಿಭೂತಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯ ಮೇರೆಗೆ ಕೆನರಾದ, ಅಂದರೆ ಈ ಕರಾವಳಿ ಸೀಮೆಯ, ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಇಗರ್ಜಿಗಳು ನೆಲಸಮವಾದವು. 1801ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್‌ಗೆ ಸಿಕ್ಕ ಲೆಕ್ಕ 27 ಇಗರ್ಜಿಗಳದು. ಮೂಡುಬಿದಿರೆ ಬಳಿಯ ಹೊಸ್ಪೇಟೆಯ ಹೋಲಿ ಕ್ರಾಸ್ ಇಗರ್ಜಿ ಚೌಟ ಅರಸರ ನೆರವಿನಿಂದ ಉಳಿಯಿತೆಂದು ದಾಖಲೆಯಿದೆ. ಅಂಥವು ಬೆರಳೆಣಿಕೆಯವು. ಹಾಗಾಗಿ ಯಾರಾದರೂ 'ಈ ಗೋಡೆ 1784ಕ್ಕಿಂತ ಹಿಂದಿನದು' ಅಂದರೆ ಸಾಕ್ಷ್ಯ ಕೊಡಬೇಕಾದವರು ಅವರೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಮರಳಿದರು. ಅನೇಕ ಧರ್ಮಕೇಂದ್ರಗಳು ಹುಲ್ಲಿನ ಮಾಡಿನ (ಚಾವಣಿಯ) ಚಿಕ್ಕ ಪ್ರಾರ್ಥನಾಲಯದಿಂದ ಮತ್ತೆ ಶುರುವಾದವು. ಎರಡು ಮೂರು ತಲೆಮಾರು ಕಳೆದು ಕೆಂಪು ಮುರಕಲ್ಲಿನ ಕಟ್ಟಡ, ಆಮೇಲೆ ಹಂಚು, ಆಮೇಲೆ ಗಂಟೆಗೋಪುರ. ಒಂದೇ ಏಟಿಗೆ ಕಟ್ಟಿ ಮುಗಿಸಿದ ಹಳ್ಳಿ ಇಗರ್ಜಿ ಅಪರೂಪ. ಫಸಲು ಬಂದ ವರ್ಷ ಕಟ್ಟುತ್ತಿದ್ದರು, ಬಾರದ ವರ್ಷ ನಿಲ್ಲಿಸುತ್ತಿದ್ದರು. ಆ ನಿಲುಗಡೆಗಳೆಲ್ಲ ಗೋಡೆಯಲ್ಲಿ ಗೆರೆಯಾಗಿ ಉಳಿದಿವೆ.

ಕಾಗದ ಎಲ್ಲಿದೆ

ಇತಿಹಾಸ ಬರೆಯುವವರು ಮೊದಲು ಕೈಗೆತ್ತಿಕೊಳ್ಳುವುದು ಶತಮಾನೋತ್ಸವದ ಸ್ಮರಣ ಸಂಚಿಕೆಯನ್ನು. ಅದನ್ನು ಕೊನೆಗೆ ಓದಿ. 75ನೇ ವರ್ಷದ ಸಂಚಿಕೆಯ ತಪ್ಪನ್ನು 100ನೇ ವರ್ಷದ್ದು ನಕಲು ಮಾಡಿರುತ್ತದೆ, 125ನೆಯದು ಅದಕ್ಕೆ ಫೋಟೊ ಸೇರಿಸಿರುತ್ತದೆ.

ಕ್ಯಾಥೊಲಿಕ್ ಧರ್ಮಸಭೆಯ ಟ್ರೆಂಟ್ ಮಹಾಸಭೆ 1563ರಲ್ಲಿ ಮದುವೆಯ ದಾಖಲೆ ಪುಸ್ತಕವನ್ನು ಕಡ್ಡಾಯ ಮಾಡಿತ್ತು. ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಗುರುಗಳ ಮನೆಯ ಕಪಾಟಿನಲ್ಲಿ ಇಂದಿಗೂ ಇರುತ್ತವೆ, ಹಳೆಯವು ಲ್ಯಾಟಿನ್ ಅಥವಾ ಪೋರ್ಚುಗೀಸಿನಲ್ಲಿ. ಅವು ಜನರ ಲೆಕ್ಕ ಹೇಳುತ್ತವೆ. ಕಟ್ಟಡದ ಕಥೆ ಇರುವುದು ಖರ್ಚಿನ ಪುಸ್ತಕದಲ್ಲಿ: ಇಷ್ಟು ಕಂಡಿ (ಹಳೆಯ ಅಳತೆ) ಸುಣ್ಣ, ಇಷ್ಟು ಸಾವಿರ ಹಂಚು, ಬಡಗಿಗೆ ಇಷ್ಟು ದಿನದ ಕೂಲಿ. ಒಂದೇ ವರ್ಷದಲ್ಲಿ ಹಂಚು, ಅದನ್ನು ಹೊರುವ ಮರದ ಪಕ್ಕಾಸು, ರೀಪು ಮೂರೂ ಒಟ್ಟಿಗೆ ಬಂದಿದ್ದರೆ ಹೊಸ ಮಾಡು ಎಂದರ್ಥ. ಬರೀ ಹಂಚು ಬಂದಿದ್ದರೆ ರಿಪೇರಿ.

ಇನ್ನೊಂದು ತೊಡಕಿದೆ. ಇಲ್ಲಿಯ ಇಗರ್ಜಿಗಳು ಮೊದಲು ಗೋವೆಯ ಆರ್ಚ್‌ಬಿಷಪರ ಅಧೀನ. 1838ರ ಪೋಪರ ಆದೇಶದ ನಂತರ ಕೇರಳದ ವೆರಾಪೊಲಿಯ ಕಾರ್ಮೆಲೈಟ್ ಸನ್ಯಾಸಿಗಳ ಅಧಿಕಾರವೂ ಇಲ್ಲಿಗೆ ಚಾಚಿತು, ಯಾರ ಮಾತು ಕೇಳಬೇಕೆಂಬ ಜಗಳ ದಶಕಗಳ ಕಾಲ ನಡೆಯಿತು. 1878ರ ಕೊನೆಗೆ ಇಟಲಿಯ ಜೆಸುಯಿಟರು ಬಂದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಯಿತು, 2012ರಲ್ಲಿ ಉಡುಪಿ ಅದರಿಂದ ಬೇರೆಯಾಯಿತು. ಅಧಿಕಾರ ಕೈ ಬದಲಾದಂತೆ ಪತ್ರವ್ಯವಹಾರದ ವಿಳಾಸವೂ ಬದಲಾಗಿದೆ. 'ನಮ್ಮ ಇಗರ್ಜಿಯ ಕಾಗದವೇ ಇಲ್ಲ' ಎಂದು ಕೈಚೆಲ್ಲುವ ಮುನ್ನ, ಆ ವರ್ಷ ಕಾಗದ ಹೋಗುತ್ತಿದ್ದದ್ದು ಯಾರಿಗೆ ಎಂದು ನೋಡಬೇಕು.

ಕಲ್ಲು ಹೇಳುವುದು

ಬುಕಾನನ್ ಹೆಸರು ಮತ್ತೆ ಬರುತ್ತದೆ. ಕೆಡವಿದ ಇಗರ್ಜಿಗಳ ಲೆಕ್ಕ ಬರೆದುಕೊಂಡ ಅದೇ ಮನುಷ್ಯ, ಅವು ಕಟ್ಟಲ್ಪಟ್ಟಿದ್ದ ಕಲ್ಲಿಗೂ ಹೆಸರಿಟ್ಟ. ಮಲಬಾರಿನ ಅಂಗಡಿಪುರಂ ಬಳಿ ಕಂಡ ಈ ಕೆಂಪು ಕಲ್ಲನ್ನು ಅವನು ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ನಿನಲ್ಲಿ 'ಲಾಟರ್' ಎಂದರೆ ಇಟ್ಟಿಗೆ. ನೆಲದಲ್ಲಿದ್ದಾಗ ಕೊಡಲಿಗೆ ಸಿಗುವಷ್ಟು ಮೆದು, ತೆಗೆದು ಗಾಳಿಗಿಟ್ಟರೆ ಗಟ್ಟಿ. ನಾವು ಮುರಕಲ್ಲು ಎನ್ನುವುದು ಇದನ್ನೇ.

ಮುರಕಲ್ಲಿನ ಮೈತುಂಬ ತೂತು. ನೀರು ಹೀರುತ್ತದೆ, ಬಿಸಿಲು ಬಿದ್ದಾಗ ಬಿಡುತ್ತದೆ. ಅದಕ್ಕೇ ಹಳಬರು ಎರಡು ಎರಡೂವರೆ ಅಡಿ ದಪ್ಪ ಗೋಡೆ ಕಟ್ಟಿ, ಮೇಲೆ ಸುಣ್ಣದ ಗಾರೆ ಹಚ್ಚುತ್ತಿದ್ದರು. ಕಲ್ಲಿನ ಹಾಗೆ ಸುಣ್ಣವೂ ಉಸಿರಾಡುತ್ತದೆ. ಸುಟ್ಟ ಚಿಪ್ಪಿನ ಸುಣ್ಣವನ್ನು ನೀರಲ್ಲಿ ಅರಳಿಸಿ, ವಾರಗಟ್ಟಲೆ ಕೊಳೆಸಿ, ಒಂದು ಪಾಲಿಗೆ ಎರಡೂವರೆಯಿಂದ ಮೂರು ಪಾಲು ಮರಳು ಹಾಕಿ ಅರೆದರೆ ಗಾರೆ. ಬೆಲ್ಲ, ಅಳಲೆಕಾಯಿಯ ನೀರು ಸೇರಿಸುತ್ತಿದ್ದದ್ದೂ ಉಂಟು.

ಈಗ ನಡೆಯುವುದೇನು? ಗಾರೆ ಉದುರಿದ ಜಾಗಕ್ಕೆ ಮೇಸ್ತ್ರಿ ಸಿಮೆಂಟು ಮೆತ್ತುತ್ತಾನೆ, ಮೇಲೆ ಅಕ್ರಿಲಿಕ್ ಬಣ್ಣ. ಕಲ್ಲಿನೊಳಗಿನ ನೀರಿಗೆ ಹೊರದಾರಿ ಮುಚ್ಚಿತು. ಎರಡು ಮಳೆಗಾಲ ಕಳೆದರೆ ಬಣ್ಣ ಗುಳ್ಳೆ ಏಳುತ್ತದೆ, ಐದಾರು ಕಳೆದರೆ ಸಿಮೆಂಟು ಹಾಳೆಹಾಳೆಯಾಗಿ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಆಗ 'ಹಳೇ ಕಲ್ಲು ಸತ್ತುಹೋಗಿದೆ, ಕೆಡವೋದೇ ಒಳ್ಳೇದು' ಎಂಬ ತೀರ್ಮಾನ. ಕಲ್ಲು ಸಾಯಲಿಲ್ಲ, ಉಸಿರುಗಟ್ಟಿತು.

ಸರಿಯಾದ ಕ್ರಮ ಹೀಗೆ. ಮರದ ಸುತ್ತಿಗೆಯಿಂದ ಗೋಡೆಯನ್ನು ಮೆಲ್ಲಗೆ ಬಡಿಯುತ್ತ ಹೋಗಿ ಡೊಳ್ಳು ದನಿ ಬರುವ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಅಷ್ಟನ್ನು ಮಾತ್ರ ತೆಗೆಯಬೇಕು. ಕಲ್ಲುಗಳ ನಡುವಿನ ಸಂದನ್ನು 20-25 ಮಿ.ಮೀ. ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಸುಣ್ಣದ ಗಾರೆಯನ್ನು ಒಂದು ಸಲಕ್ಕೆ 10-12 ಮಿ.ಮೀ. ಮೀರದಂತೆ ಪದರಪದರವಾಗಿ ಹಚ್ಚಬೇಕು. ಕನಿಷ್ಠ ಒಂದು ವಾರ ಒದ್ದೆ ಗೋಣಿ ಹೊದೆಸಿಡಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ಅದೂ ನಿಧಾನಕ್ಕೆ. ಆದ್ದರಿಂದ ಈ ಕೆಲಸ ಮಳೆ ನಿಂತ ಕೂಡಲೇ ಶುರುವಾಗಬೇಕು. ಮೇ ತಿಂಗಳ ಮಧ್ಯದಲ್ಲಿ ಹಚ್ಚಿದ ಸುಣ್ಣ ಜೂನ್ ಮಳೆಗೆ ತೊಳೆದುಹೋಗುತ್ತದೆ, ಆಮೇಲೆ ಬೈಗುಳ ಸುಣ್ಣಕ್ಕೆ.

ಗಾರೆ ತೆಗೆದ ಆ ನಾಲ್ಕು ದಿನ ಇತಿಹಾಸ ಹುಡುಕುವವರಿಗೆ ಹಬ್ಬ. ಕೈಯಿಂದ ಕಡಿದ ಕಲ್ಲಿನಲ್ಲಿ ಓರೆಯಾದ ಕೊಡಲಿ ಗುರುತು ಇರುತ್ತದೆ, ಒಂದರ ಅಳತೆ ಇನ್ನೊಂದಕ್ಕಿಲ್ಲ. ಯಂತ್ರ ಕೊಯ್ದ ಕಲ್ಲಿನ ಅಂಚು ನೇರ, ಮೈಮೇಲೆ ಗರಗಸದ ಸಮಾನಾಂತರ ಗೀರು. ಎರಡೂ ಕೂಡುವಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಸಂದು ಓಡಿದ್ದರೆ, ಕಲ್ಲು ಒಂದರೊಳಗೊಂದು ಹೆಣೆದಿಲ್ಲದಿದ್ದರೆ, ಇಗರ್ಜಿಯನ್ನು ಅಲ್ಲಿಂದ ಮುಂದಕ್ಕೆ ಉದ್ದ ಮಾಡಿದ್ದಾರೆ. ಗಾರೆ ತೆಗೆಯದೆಯೂ ಇದನ್ನು ಊಹಿಸಬಹುದು. ಕಿಟಕಿಗಳ ನಡುವಿನ ಅಂತರ ಅಳೆಯುತ್ತ ಬನ್ನಿ. ಬಲಿಪೀಠದಿಂದ ಹತ್ತಡಿ, ಹತ್ತಡಿ, ಹತ್ತಡಿ ಎಂದು ಬಂದದ್ದು ಬಾಗಿಲ ಬಳಿ ಹದಿಮೂರಾದರೆ, ಆ ಜಾಗದಲ್ಲಿ ಹಳೆಯ ಮುಂಭಾಗ ನಿಂತಿತ್ತು.

ಹಂಚಿನ ಬೆನ್ನು

ಹಳೆಯ ಇಗರ್ಜಿಗಳು ಅಗಲಕ್ಕಿಂತ ಉದ್ದ ಏಕೆ ಎಂದು ಕೇಳುವವರುಂಟು. ಮಾಡಿನ ತ್ರಿಕೋನ ಕಟ್ಟಿನ ಅಡ್ಡೆಗೆ (ಬುಡದ ಅಡ್ಡ ತೊಲೆಗೆ) ಸಿಗುವ ಮರದ ಉದ್ದವೇ ಒಳಗಿನ ಅಗಲವನ್ನು 25-35 ಅಡಿಗೆ ಕಟ್ಟಿಹಾಕುತ್ತಿತ್ತು. ಜನ ಹೆಚ್ಚಾದರೆ ಉದ್ದ ಮಾಡಬಹುದಿತ್ತು, ಇಲ್ಲವೆ ಪಕ್ಕಕ್ಕೆ ಜಗಲಿ ಇಳಿಸಬಹುದಿತ್ತು.

ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಪ್ರೊಟೆಸ್ಟೆಂಟರ ಹಂಚು ಕ್ಯಾಥೊಲಿಕ್ ಇಗರ್ಜಿಗಳ ಮೇಲೆ ಏರಿತು, ಯಾರೂ ತಕರಾರು ಮಾಡಿದಂತಿಲ್ಲ. ಹಂಚನ್ನು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರು, ಊರು ಅಚ್ಚಾಗಿರುತ್ತದೆ. ಇಲ್ಲಿ ಒಂದು ಗುಂಡಿಯಿದೆ, ಬಹಳ ಜನ ಬಿದ್ದಿದ್ದಾರೆ. ಬಾಸೆಲ್ ಮಿಶನ್ ಹಂಚಿನ ಮೇಲೆ '1865' ಎಂದಿದ್ದರೆ ಅದು ಕಾರ್ಖಾನೆಯ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. 'ಕಾಮನ್‌ವೆಲ್ತ್ ಟ್ರಸ್ಟ್' ಎಂದಿದ್ದರೆ ಮೊದಲ ಮಹಾಯುದ್ಧದ ನಂತರದ್ದು, ಏಕೆಂದರೆ ಯುದ್ಧದ ಬಳಿಕವೇ ಮಿಶನ್ನಿನ ಕಾರ್ಖಾನೆಗಳು ಅದರ ಕೈಗೆ ಹೋದದ್ದು. ಹಂಚನ್ನು ಒಂದು ಕಟ್ಟಡದಿಂದ ಇಳಿಸಿ ಇನ್ನೊಂದಕ್ಕೆ ಏರಿಸುವುದು ಮಾಮೂಲು. ಹಾಗಾಗಿ ಒಂದು ಹಂಚು ನೋಡಿ ತೀರ್ಪು ಕೊಡಬಾರದು. ಸೂರಿನಿಂದ, ನಡುವಿನಿಂದ, ಮೂಲೆಹಂಚಿನ ಹತ್ತಿರದಿಂದ ತಲಾ ಹತ್ತು ತೆಗೆದು ನೋಡಿ.

ಭಾರದ ಲೆಕ್ಕವೂ ಗೊತ್ತಿರಲಿ. 30 ಮೀಟರ್ ಉದ್ದ, 10 ಮೀಟರ್ ಅಗಲದ ಇಗರ್ಜಿಯ ಮಾಡಿಗೆ ಸೂರೂ ಸೇರಿ ಸುಮಾರು 400 ಚದರ ಮೀಟರ್ ಬೇಕು. ಚದರ ಮೀಟರಿಗೆ ಹದಿನೈದರಂತೆ 6,000 ಹಂಚು, ಒಂದಕ್ಕೆ ಎರಡೂವರೆ ಕಿಲೊ ಹಿಡಿದರೆ 15 ಟನ್. ಒದ್ದೆಯಾದಾಗ ಇನ್ನೂ ಹೆಚ್ಚು. ಇದು ಗೋಡೆಗಳನ್ನು ಹೊರಕ್ಕೆ ತಳ್ಳದಂತೆ ಹಿಡಿದಿಡುವುದು ಆ ಅಡ್ಡೆಗಳು. ಚಂದದ ಮುಚ್ಚಿಗೆ ಕೂರಿಸಲು ಅಡ್ಡ ಬರುತ್ತದೆಂದು ಒಂದು ಅಡ್ಡೆ ಕತ್ತರಿಸಿದರೆ, ಕೆಲವೇ ವರ್ಷಗಳಲ್ಲಿ ಗೋಡೆಯ ನೆತ್ತಿಯುದ್ದಕ್ಕೂ ಬಿರುಕು ಬಿಡುತ್ತದೆ. ಪಿವಿಸಿ ಮುಚ್ಚಿಗೆಯ ಕೇಡು ಬೇರೆ ತರದ್ದು: ಸೋರಿಕೆಯನ್ನು ಅದು ಮುಚ್ಚಿಡುತ್ತದೆ, ಪಕ್ಕಾಸು ಕೊಳೆತು ಕುಸಿಯುವವರೆಗೆ ಕೆಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ಹಾಕಲೇಬೇಕಿದ್ದರೆ ಆಳು ಹತ್ತುವಷ್ಟು ದೊಡ್ಡ ಎರಡು ಕಿಂಡಿ ಬಿಡಿ.

ಮಳೆಗೆ ಮುಖ ಕೊಟ್ಟ ಗೋಡೆ

ಕರಾವಳಿಯ ಇಗರ್ಜಿಯನ್ನು ಅರ್ಥಮಾಡಿಕೊಳ್ಳಲು ಒಂದೇ ಜಾಗ ನೋಡಲು ಪುರುಸೊತ್ತಿದ್ದರೆ, ಮುಖ್ಯ ಬಾಗಿಲಿನ ಮೇಲಿರುವ ಹಾಡುಗಾರರ ಅಟ್ಟಕ್ಕೆ ಹತ್ತಿ.

ಹಳೆಯ ಪದ್ಧತಿಯಲ್ಲಿ ಬಲಿಪೀಠ ಪೂರ್ವಕ್ಕೆ. ಗುರುಗಳು, ಜನ ಎಲ್ಲರೂ ಮೂಡಣಕ್ಕೆ ಮುಖಮಾಡಿ ಪ್ರಾರ್ಥಿಸಬೇಕು. ಅಂದಮೇಲೆ ಬಾಗಿಲು, ಮುಂಭಾಗ ಪಡುವಣಕ್ಕೆ. ಯುರೋಪಿನಲ್ಲಿ ಇದರಿಂದ ಇಷ್ಟು ತೊಂದರೆಯಿಲ್ಲ. ಇಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನ ಮಳೆ ಕಡಲಿಂದ ಗಾಳಿ ಸಮೇತ ಬರುವುದೇ ಪಡುವಣದಿಂದ. ಕಟ್ಟಡದ ಅತಿ ಎತ್ತರದ, ಅತಿ ಅಲಂಕಾರದ, ಸೂರಿನ ನೆರಳೇ ಇಲ್ಲದ ಗೋಡೆಯನ್ನು ನೇರ ಅದರೆದುರು ನಿಲ್ಲಿಸಿದ್ದಾಯಿತು. ರಸ್ತೆಗೋ ಹೊಳೆಗೋ ಮುಖ ಮಾಡಿದ ಇಗರ್ಜಿಗಳೂ ಸಾಕಷ್ಟಿವೆ, ಅವು ಬಚಾವು.

ಈ ಮುಂಭಾಗ ಮಾಡಿಗಿಂತ ಎತ್ತರಕ್ಕೆ ಎದ್ದಿರುತ್ತದೆ. ಮಾಡಿನ ಮೇಲಿನ ಅಷ್ಟು ಭಾಗಕ್ಕೆ ಎರಡೂ ಮಗ್ಗುಲಿಂದ ಮಳೆ. ನೆತ್ತಿಯಿಂದ ಇಳಿದ ನೀರು ಮುರಕಲ್ಲಿನೊಳಗೆ ಕೆಳಕೆಳಕ್ಕೆ ಸಾಗಿ ಅಟ್ಟದ ಮಟ್ಟದಲ್ಲಿ ಒಳಬದಿಗೆ ಕಂದು ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಅಟ್ಟದ ತೊಲೆಗಳ ತುದಿ ಇದೇ ಗೋಡೆಯೊಳಗೆ ಹುದುಗಿದೆ. ಒದ್ದೆ ಮರ, ಕತ್ತಲು, ಗಾಳಿಯಿಲ್ಲ: ಗೆದ್ದಲಿಗೆ ಇನ್ನೇನು ಬೇಕು? ತೊಲೆಯ ನಡುಭಾಗ ಕಬ್ಬಿಣದಂತಿದ್ದು ತುದಿ ಮಾತ್ರ ಪೊಳ್ಳಾಗಿರುತ್ತದೆ. ಸಾಂತ್‌ಮಾರಿಗೆ ನಲವತ್ತು ಜನ ಹತ್ತಿ ನಿಂತಾಗ ಅಪಾಯವಿರುವುದು ಆ ತುದಿಯ ಅರ್ಧ ಅಡಿಯಲ್ಲಿ. ಸಪೂರ ಸ್ಕ್ರೂಡ್ರೈವರನ್ನು ಗೋಡೆಗೆ ತಾಗಿದಲ್ಲಿ ಒತ್ತಿ ನೋಡಿ. ಬೆಣ್ಣೆಯಂತೆ ಒಳಹೋದರೆ ಅವತ್ತೇ ಅಟ್ಟಕ್ಕೆ ಬೀಗ ಹಾಕಿ.

ಮದ್ದು ಮೇಲಿಂದ ಶುರುವಾಗಬೇಕು. ಗೋಡೆಯ ನೆತ್ತಿಗೆ ಇಳಿಜಾರು ಕೊಟ್ಟು, ಹೊರಚಾಚಿದ ಅಂಚಿನ ಅಡಿಯಲ್ಲಿ ನೀರು ತೊಟ್ಟಿಕ್ಕಲು ಒಂದು ಗೀರು ಕೊರೆಯಬೇಕು. ಆ ಗೀರಿಲ್ಲದಿದ್ದರೆ ನೀರು ಅಂಚಿನ ಅಡಿಗೆ ಅಂಟಿಕೊಂಡು ಗೋಡೆಗೇ ಮರಳುತ್ತದೆ. ಮಾಡು ಮುಂಭಾಗದ ಬೆನ್ನಿಗೆ ತಾಗುವಲ್ಲಿ ಗೋಡೆಯಲ್ಲಿ 25 ಮಿ.ಮೀ. ಆಳದ ಕೊರೆ ತೆಗೆದು ತಾಮ್ರದ ತಗಡು ಸಿಕ್ಕಿಸಿ, ಹಂಚಿನ ಕಡೆಗೆ 150 ಮಿ.ಮೀ. ಚಾಚುವಂತೆ ಬಗ್ಗಿಸಬೇಕು. ಡಾಂಬರು, ಸಿಮೆಂಟು ತುಂಬಿದರೆ ಒಂದು ಬೇಸಿಗೆಯ ಬಿಸಿಲಿಗೆ ಸೀಳುತ್ತದೆ. ಜೋಡಿಗೋಪುರದ ಇಗರ್ಜಿಗಳಲ್ಲಿ ಮಾಡಿನ ನೀರು ಗೋಪುರದ ಬೆನ್ನಿಗೆ ಹೋಗಿ ಹೊಡೆಯುತ್ತದೆ, ಅಲ್ಲಿಯ ನೀರು ಹರಿಯುವ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ಮುಗಿಯಿತು. ಇಷ್ಟಾದ ಮೇಲೆ ತೊಲೆಯ ತುದಿ: ಕೆಟ್ಟದ್ದನ್ನು ಕೊಯ್ದು ಹೊಸ ಮರ ಜೋಡಿಸಿ, ಅಡಿಗೆ ಶಿಲೆಕಲ್ಲಿನ ಚಪ್ಪಡಿ ಇಟ್ಟು, ಸುತ್ತ ಒಂದಿಂಚು ಗಾಳಿಗೆ ಬಿಡಬೇಕು. ಗಾರೆ ತುಂಬಿದರೆ ಹಳೇ ಕಥೆಯೇ. ಮುಂದೆ ಕಾಂಕ್ರೀಟಿನ ಪೋರ್ಟಿಕೊ ಅಂಟಿಸುವುದು ಈಗ ರೂಢಿ. ಮಳೆಗೆ ಅದು ಒಳ್ಳೆಯ ತಡೆಯೇ. ಆದರೆ ಅದಕ್ಕೆ ಸ್ವಂತ ಅಡಿಪಾಯ ಬೇಕು, ಹಳೆಯ ಗೋಡೆಯನ್ನು ಕೊರೆದು ಕಂಬಿ ನೆಟ್ಟರೆ ಹೊಸದು ಕೂರುವಾಗ ಹಳೆಯದನ್ನೂ ಎಳೆದುಕೊಂಡು ಕೂರುತ್ತದೆ.

ಬಲಿಪೀಠ ಎರಡು ಹೆಜ್ಜೆ ಮುಂದೆ ಬಂದದ್ದು

ಒಳಗಿನ ದೊಡ್ಡ ಬದಲಾವಣೆಗೆ ಮಳೆ ಕಾರಣವಲ್ಲ, ರೋಮ್. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆಯ ವಿಧಿಯನ್ನು ತಿದ್ದುವ ದಸ್ತಾವೇಜನ್ನು ಹೊರಡಿಸಿತು. ಮರುವರ್ಷದ ಸೂಚನೆಗಳ ಪ್ರಕಾರ ಗೋಡೆಗಂಟಿದ ಬಲಿಪೀಠದ ಬದಲು ಸುತ್ತಲೂ ನಡೆದಾಡಬಹುದಾದ, ಜನರ ಕಡೆ ಮುಖಮಾಡಿ ಪೂಜೆ ಅರ್ಪಿಸಬಹುದಾದ ಬಲಿಪೀಠ ಬಂತು. ಲ್ಯಾಟಿನ್ ಹೋಗಿ ಕೊಂಕಣಿ, ಕನ್ನಡ ಬಂದವು. ಜನ ಮೊಣಕಾಲೂರಿ ಪರಮಪ್ರಸಾದ ಸ್ವೀಕರಿಸುತ್ತಿದ್ದ ಕಟಾಂಜನ, ಗೋಡೆಗೆ ಅರ್ಧ ಎತ್ತರದಲ್ಲಿ ನೇತಾಡುವಂತಿದ್ದ ಪ್ರವಚನದ ಪೀಠ, ಬಾಗಿಲ ಬಳಿಯ ಜ್ಞಾನಸ್ನಾನದ ಕೋಣೆ ಒಂದೊಂದಾಗಿ ಮಾಯವಾದವು. ನೆಲ ಮರೆತಿಲ್ಲ. ಮೆಟ್ಟಿಲ ಮುಂದೆ ಸಾಲಾಗಿ ಮುಚ್ಚಿದ ತೂತುಗಳಿದ್ದರೆ ಕಟಾಂಜನದ ಕಾಲುಗಳು ನಿಂತಿದ್ದದ್ದು ಅಲ್ಲಿ. ಗೋಡೆಯಲ್ಲಿ ಎಲ್ಲಿಗೂ ಹೋಗದ ಪುಟ್ಟ ಬಾಗಿಲಿದ್ದರೆ ಅದು ಪ್ರವಚನಪೀಠಕ್ಕೆ ಹತ್ತುವ ದಾರಿ.

ಒಳಗೋಡೆಯ ಮೇಲೆ ಹನ್ನೆರಡು ಚಿಕ್ಕ ಶಿಲುಬೆಗಳು ಕಂಡರೆ, ಬಿಷಪರು ಪವಿತ್ರ ತೈಲ ಹಚ್ಚಿ ವಿಧಿವತ್ತಾಗಿ ಪ್ರತಿಷ್ಠಾಪಿಸಿದ ಇಗರ್ಜಿ ಅದು. ಹೆಚ್ಚಿನ ಹಳ್ಳಿ ಇಗರ್ಜಿಗಳಿಗೆ ಆಶೀರ್ವಾದ ಮಾತ್ರ ಆಗಿರುತ್ತಿತ್ತು. ಇವನ್ನು ಶಿಲುಬೆಯ ಹಾದಿಯ ಚಿತ್ರಗಳ ಜತೆ ಗೊಂದಲ ಮಾಡಬೇಡಿ, ಅವು ಹದಿನಾಲ್ಕು.

ಹಿಂದಿನ ಮರದ ಮಂಟಪ ಉಳಿದಿದ್ದರೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಚಿನ್ನದ ರೇಕಿನ ಅಡಿಯಿರುವ ಬಿಳಿ ಪದರ ಸೀಮೆಸುಣ್ಣದ ಪುಡಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿದ್ದು. ನೀರು ತಾಗಿದರೆ ಅಂಟು ಕರಗಿ ಚಿನ್ನ ಬಟ್ಟೆಗೆ ಬರುತ್ತದೆ. ಮೆದು ಕುಂಚದಿಂದ ಧೂಳು ಕೊಡವಿದರೆ ಸಾಕು. ಅದಕ್ಕಿಂತ ದೊಡ್ಡ ಅನಾಹುತ ಡಬ್ಬಿಯ ಚಿನ್ನದ ಬಣ್ಣ. ಅದರಲ್ಲಿರುವುದು ಹಿತ್ತಾಳೆ ಪುಡಿ, ಕೆಲವೇ ವರ್ಷಕ್ಕೆ ಕಂದಾಗುತ್ತದೆ, ಅಡಿಯ ನಿಜವಾದ ಚಿನ್ನವನ್ನು ಕೆಡಿಸದೆ ಅದನ್ನು ತೆಗೆಯುವುದು ಕಷ್ಟ.

ಘಟ್ಟದಾಚೆ

ಘಟ್ಟ ಹತ್ತಿದರೆ ಕಟ್ಟಡದ ನುಡಿಯೇ ಬದಲು. ಮೈಸೂರು ಸೀಮೆಯಲ್ಲಿ ಜೆಸುಯಿಟರ ನಂತರ ಬಂದವರು ಪ್ಯಾರಿಸ್ಸಿನ ವಿದೇಶಿ ಮಿಶನ್ನಿನ ಫ್ರೆಂಚ್ ಗುರುಗಳು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರಲ್ಲೊಬ್ಬರಾದ ಅಬ್ಬೆ ದ್ಯುಬುವಾ ಹೆಸರು ಇಂದಿಗೂ ಇದೆ. 19ನೇ ಶತಮಾನದಲ್ಲಿ ಅವರ ಮಿಶನ್ ಕಟ್ಟಿದ ಇಗರ್ಜಿಗಳಲ್ಲಿ ಮೊನಚು ಕಮಾನು, ಇಟ್ಟಿಗೆ, ಸುಣ್ಣ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಇಗರ್ಜಿ ಎಲ್ಲರ ಫೋನಿನಲ್ಲೂ ಇದೆ. ಹೇಮಾವತಿ ಹಿನ್ನೀರು ಮಳೆಗಾಲದಲ್ಲಿ ಅದನ್ನು ಸುತ್ತುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸದಾ ನೀರಿನಲ್ಲಿ ಮುಳುಗಿದ್ದರೆ ಇಟ್ಟಿಗೆ ಇನ್ನಷ್ಟು ಕಾಲ ತಾಳುತ್ತಿತ್ತು. ಮುಳುಗಿ ಒಣಗಿ, ಮುಳುಗಿ ಒಣಗಿ ಸುಣ್ಣ ತೊಳೆದುಹೋಗಿ ಗೋಡೆ ಬುಡದಿಂದ ಸವೆಯುತ್ತಿದೆ. ಮಾಡಂತೂ ಎಂದೋ ಹೋಯಿತು.

ಗಂಟೆ, ಅಡಿಗಲ್ಲು

ಗಂಟೆಯ ಮೈಮೇಲಿನ ಬರಹ ಗಂಟೆಯ ವಯಸ್ಸನ್ನಷ್ಟೇ ಹೇಳುತ್ತದೆ, ಗೋಪುರದ್ದನ್ನಲ್ಲ. ಒಳ್ಳೆಯ ಗಂಟೆಲೋಹದಲ್ಲಿ ನೂರಕ್ಕೆ 78ರಷ್ಟು ತಾಮ್ರ, 22ರಷ್ಟು ತವರ. ನಾದ ಕೊಡುವುದೂ ಬೇಗ ಒಡೆಯುವಂತೆ ಮಾಡುವುದೂ ಆ ತವರವೇ. ಗಂಟೆಯನ್ನು ತೂಗುವ ಬದಲು ನಾಲಿಗೆಗೇ ಹಗ್ಗ ಕಟ್ಟಿ ಎಳೆದರೆ, ನಾಲಿಗೆ ಹೊಡೆದ ಮೇಲೆ ಹಿಂದೆ ಸರಿಯದೆ ಲೋಹಕ್ಕೆ ಒತ್ತಿ ನಿಲ್ಲುತ್ತದೆ. ಕಂಪನ ಹೊರಹೋಗಲು ದಾರಿಯಿಲ್ಲದೆ ಗಂಟೆ ಸೀಳುತ್ತದೆ. ಸೀಳಿದ ಗಂಟೆಗೆ ಮಾಮೂಲಿ ವೆಲ್ಡಿಂಗ್ ಮಾಡಿಸಿದರೆ ಬಿಸಿಗೆ ಸೀಳು ಇನ್ನೂ ಉದ್ದವಾಗುತ್ತದೆ.

ಕೆಲವು ಊರುಗಳಲ್ಲಿ ಇಷ್ಟೆಲ್ಲ ಹೇಳಿದ ಮೇಲೂ ಹೊಸದು ಕಟ್ಟುವ ತೀರ್ಮಾನವೇ ಆಗುತ್ತದೆ. ಜನ ಹೆಚ್ಚಾಗಿದ್ದರೆ ಅದು ನ್ಯಾಯವೂ ಹೌದು. ಹಾಗಿದ್ದರೆ ಕೆಡವುವ ಮುನ್ನ ಪೂರ್ತಿ ಅಳತೆಯ ನಕ್ಷೆ ಮಾಡಿಸಿ, ಪ್ರತಿ ಗೋಡೆಯ ಫೋಟೊದಲ್ಲಿ ಅಳತೆಕೋಲು ಕಾಣುವಂತೆ ತೆಗೆಸಿ. ಕೊಡಲಿ ಗುರುತಿನ ಎರಡು ಕಲ್ಲು, ಬೇರೆಬೇರೆ ಅಚ್ಚಿನ ಹಂಚು ತಲಾ ಒಂದು, ಗಾರೆಯ ಒಂದು ತುಂಡನ್ನು ಎಲ್ಲಿಂದ ತೆಗೆದದ್ದೆಂದು ಬರೆದಿಡಿ. ನೆಲದಡಿಯ ಹಳೆಯ ಸಮಾಧಿಗಳ ಕಲ್ಲನ್ನು ಓದಿ ಬರೆದುಕೊಳ್ಳಿ. ಅಡಿಗಲ್ಲು ಬಲಿಪೀಠದ ಬದಿಯ ಮೂಲೆಯಲ್ಲೋ ಮುಂಬಾಗಿಲ ಪಕ್ಕದಲ್ಲೋ ಇರುತ್ತದೆ. ಅದರ ಒಳಗೆ ಅಥವಾ ಅಡಿಗೆ ನಾಣ್ಯ, ದಿನಾಂಕ ಬರೆದ ಕಾಗದ ಇಟ್ಟ ಡಬ್ಬಿಯೋ ಶೀಶೆಯೋ ಇರುವ ಸಂಭವವಿದೆ. ಹಣೆಯ ಮೇಲಿನ ಇಸವಿಯ ಜಗಳ ತೀರಿಸುವ ಕಾಗದ ಅದೇ ಆಗಿರಬಹುದು. ಆ ಮೂಲೆಯನ್ನು ಹಾರೆಯಿಂದ ಕೈಯಲ್ಲೇ ಬಿಚ್ಚಿಸಿ, ಜೆಸಿಬಿ ಅಲ್ಲಿಗೆ ಕೊನೆಗೆ ಹೋಗಲಿ.